ಎಲ್‌ಎಲ್‌ಆರ್‌ನಿಂದ ಡಿಎಲ್‌ವರೆಗೆ: ಟೆಸ್ಟ್‌ನಲ್ಲಿ ಏನು ಕೇಳುತ್ತಾರೆ, ಯಾಕೆ ಕೇಳುತ್ತಾರೆ

ಪಿಯುಸಿ ಮುಗಿದು ಮುಂದಿನ ಕಾಲೇಜು ಶುರುವಾಗುವ ತನಕ ಸಿಗುವ ಬಿಡುವಿನಲ್ಲಿ ಆರ್‌ಟಿಒ ಕಚೇರಿಗಳಲ್ಲಿ ಹೊಸ ಮುಖಗಳು ಜಾಸ್ತಿ. ಆಗ ತಾನೇ ಹದಿನೆಂಟು ತುಂಬಿದ ಮಕ್ಕಳು, ಜೊತೆಗೆ ಫೈಲು ಹಿಡಿದ ಅಪ್ಪನೋ ಮಾವನೋ. ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಹಳೇ ಸಂದೇಶವೊಂದು ಮತ್ತೆ ಓಡಾಡುತ್ತದೆ: ‘ಇನ್ಮೇಲೆ ಆರ್‌ಟಿಒ ಟೆಸ್ಟ್ ಇಲ್ಲ, ಡ್ರೈವಿಂಗ್ ಸ್ಕೂಲಿನಲ್ಲೇ ಲೈಸೆನ್ಸ್.’ ಓದಿದವರಿಗೆ ಗೊಂದಲ. ಟೆಸ್ಟ್ ಇದೆಯೋ ಇಲ್ಲವೋ? ಇದ್ದರೆ ಎಷ್ಟು ಟೆಸ್ಟ್? ಎಂಟು ಹಾಕಿಸುವುದು ಯಾಕೆ?

ಮೊದಲು ಆ ಸಂದೇಶದ ವಿಷಯ ಮುಗಿಸೋಣ.

ಟೆಸ್ಟ್ ಇಲ್ಲ ಎನ್ನುವುದು ಎಷ್ಟು ನಿಜ?

2024ರ ಜೂನ್ 1ರಿಂದ ಹೊಸ ನಿಯಮ ಬರುತ್ತದೆ ಎಂದು ಈ ಸುದ್ದಿ ಜೋರಾಗಿ ಹರಡಿತ್ತು. ಆಗ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವೇ ‘ಯಾವ ಬದಲಾವಣೆಯೂ ಇಲ್ಲ’ ಎಂದು ಸ್ಪಷ್ಟಪಡಿಸಿತು. ಹಾಗಂತ ಸುದ್ದಿ ಪೂರ್ತಿ ಗಾಳಿಮಾತೂ ಅಲ್ಲ. 2021ರಲ್ಲಿ ಬಂದ ನಿಯಮವೊಂದಿದೆ. ಅದರ ಪ್ರಕಾರ ಸರ್ಕಾರದ ಮಾನ್ಯತೆ ಪಡೆದ ಚಾಲಕರ ತರಬೇತಿ ಕೇಂದ್ರದಲ್ಲಿ ಕೋರ್ಸ್ ಮುಗಿಸಿ, ಅಲ್ಲೇ ಟೆಸ್ಟ್ ಪಾಸಾಗಿ, ನಮೂನೆ 5ಬಿ ಎಂಬ ಪ್ರಮಾಣಪತ್ರ ತಂದರೆ ಆರ್‌ಟಿಒದಲ್ಲಿ ಮತ್ತೆ ಗಾಡಿ ಓಡಿಸಿ ತೋರಿಸಬೇಕಿಲ್ಲ.

ಆದರೆ ಇದು ನಿಮ್ಮ ಬೀದಿಯ ಡ್ರೈವಿಂಗ್ ಸ್ಕೂಲ್ ಅಲ್ಲ. ಬೈಕ್ ಮತ್ತು ಕಾರು ಕಲಿಸುವ ಇಂಥ ಕೇಂದ್ರಕ್ಕೆ ಕನಿಷ್ಠ ಒಂದು ಎಕರೆ ಜಾಗ ಇರಬೇಕು, ಲಾರಿ ಬಸ್ಸು ಕಲಿಸುವುದಾದರೆ ಎರಡು ಎಕರೆ. ಟ್ರ್ಯಾಕ್, ಸಿಮ್ಯುಲೇಟರ್ ಎಲ್ಲ ಇರಬೇಕು. ಕಾರಿನ ಕೋರ್ಸ್ 29 ಗಂಟೆಯದ್ದು, ಅದರಲ್ಲಿ 21 ಗಂಟೆ ಗಾಡಿಯ ಮೇಲೆ, 8 ಗಂಟೆ ತರಗತಿಯಲ್ಲಿ. ಮಾಮೂಲಿ ಡ್ರೈವಿಂಗ್ ಸ್ಕೂಲು ಕೊಡುವುದು ನಮೂನೆ 5. ಅದರಿಂದ ಟೆಸ್ಟ್ ತಪ್ಪುವುದಿಲ್ಲ. ಹಾಗಾಗಿ ಬಹುಪಾಲು ಜನರಿಗೆ ಹಳೇ ದಾರಿಯೇ ದಾರಿ: ಒಂದು ಥಿಯರಿ ಪರೀಕ್ಷೆ, ಕಲಿಯುವುದಕ್ಕೆ ಸ್ವಲ್ಪ ಕಾಲ, ಆಮೇಲೆ ಗಾಡಿ ಓಡಿಸಿ ತೋರಿಸುವ ಟೆಸ್ಟ್.

ಯಾವ ಗಾಡಿಗೆ ಯಾವ ಲೈಸೆನ್ಸ್

ಲೈಸೆನ್ಸ್ ಕಾರ್ಡ್ ಒಂದೇ ಆದರೂ ಅದರ ಮೇಲೆ ನಮೂದಾದ ಬಗೆಯ ಗಾಡಿ ಮಾತ್ರ ಓಡಿಸಬಹುದು. ಗೇರ್ ಇಲ್ಲದ ಸ್ಕೂಟರ್ ಒಂದು ಬಗೆ. ಗೇರ್ ಇರುವ ಬೈಕ್ ಇನ್ನೊಂದು. ಕಾರು ಲಘು ಮೋಟಾರು ವಾಹನ, ಅಂದರೆ ಎಲ್‌ಎಂವಿ. ಗೇರ್ ಬೈಕಿನಲ್ಲಿ ಟೆಸ್ಟ್ ಪಾಸಾದರೆ ಸ್ಕೂಟರಿನಲ್ಲೂ ಪಾಸಾದಂತೆ ಎಂದು ಕಾನೂನೇ ಹೇಳುತ್ತದೆ. ತಿರುಗಾಮುರುಗಾ ನಡೆಯುವುದಿಲ್ಲ. ಸ್ಕೂಟರಿನಲ್ಲಿ ಪಾಸಾಗಿ ಬುಲೆಟ್ ಓಡಿಸಿದರೆ ಲೈಸೆನ್ಸ್ ಇಲ್ಲದ ಹಾಗೇ ಲೆಕ್ಕ. ಮುಂದೆ ಬೈಕ್ ಓಡಿಸುವ ಯೋಚನೆ ಇದ್ದರೆ ಮೊದಲೇ ಗೇರ್ ಬೈಕಿಗೆ ಅರ್ಜಿ ಹಾಕುವುದು ಒಳ್ಳೆಯದು.

ವಯಸ್ಸಿನ ಲೆಕ್ಕದಲ್ಲಿ ಮನೆಮನೆಯಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ‘ಹದಿನಾರಕ್ಕೇ ಸ್ಕೂಟಿ ಲೈಸೆನ್ಸ್ ಸಿಗುತ್ತೆ ಅಲ್ವಾ?’ ಸಿಗುತ್ತದೆ, ಆದರೆ ಎಂಜಿನ್ 50 ಸಿಸಿ ದಾಟದ, ಗೇರ್ ಇಲ್ಲದ ಗಾಡಿಗೆ ಮಾತ್ರ, ಅದೂ ಪೋಷಕರ ಒಪ್ಪಿಗೆ ಇದ್ದರೆ. ಈಗ ಶೋರೂಮಿನಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ 110 ಅಥವಾ 125 ಸಿಸಿಯವು. ಅವಕ್ಕೆ ಹದಿನೆಂಟು ತುಂಬಲೇಬೇಕು. ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ, 250 ವ್ಯಾಟಿಗಿಂತ ಕಡಿಮೆ ಶಕ್ತಿಯ ಸಣ್ಣ ಎಲೆಕ್ಟ್ರಿಕ್ ಗಾಡಿಗಳಿಗೆ ಮಾತ್ರ ಲೈಸೆನ್ಸಿನ ಹಂಗಿಲ್ಲ. ಅದಕ್ಕಿಂತ ಜೋರಾಗಿ ಓಡುವ ಎಲೆಕ್ಟ್ರಿಕ್ ಸ್ಕೂಟರಿಗೆ ಪೆಟ್ರೋಲ್ ಗಾಡಿಯ ಹಾಗೇ ಲೈಸೆನ್ಸ್ ಬೇಕು.

ಅಪ್ರಾಪ್ತ ಮಗ ಅಥವಾ ಮಗಳ ಕೈಗೆ ಕೀ ಕೊಟ್ಟರೆ ಏನಾಗುತ್ತದೆ ಎನ್ನುವುದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಕಟುವಾಗಿಯೇ ಇದೆ. ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಬೀದಿ ಕೊನೆಯ ಅಂಗಡಿಗೆ ಹಾಲು ತರಲು ಕಳಿಸಿದ್ದೆ ಎನ್ನುವ ವಿನಾಯಿತಿ ಕಾನೂನಿನಲ್ಲಿಲ್ಲ.

ಆಟೊ, ಕ್ಯಾಬ್, ಸಣ್ಣ ಸರಕು ಗಾಡಿ ಓಡಿಸಿ ದುಡಿಯುವವರಿಗೆ ಒಂದು ಮಾತು. ಬರೀ ಎಲ್‌ಎಂವಿ ಲೈಸೆನ್ಸ್ ಇದ್ದರೆ ಬಾಡಿಗೆ ಗಾಡಿ ಓಡಿಸಬಹುದಾ ಎಂಬ ಬಗ್ಗೆ ವಿಮೆ ಕಂಪನಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ವಾದ ಮಾಡಿದವು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ತೆರೆ ಎಳೆಯಿತು. ಒಟ್ಟು ತೂಕ 7,500 ಕಿಲೋ ಒಳಗಿನ ಸಾರಿಗೆ ಗಾಡಿಗೆ ಲೈಸೆನ್ಸಿನಲ್ಲಿ ಬೇರೆ ನಮೂದು ಬೇಕಿಲ್ಲ.

ಮೊದಲ ಮೆಟ್ಟಿಲು: ಎಲ್‌ಎಲ್‌ಆರ್

ಕಲಿಯುವವರಿಗೆ ಕೊಡುವ ಪರವಾನಗಿಯನ್ನು ನಮ್ಮಲ್ಲಿ ಎಲ್ಲರೂ ಎಲ್‌ಎಲ್‌ಆರ್ ಎನ್ನುತ್ತಾರೆ. ಅರ್ಜಿ ಹಾಕುವುದು ಕೇಂದ್ರದ ಸಾರಥಿ ಜಾಲತಾಣದಲ್ಲಿ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಅಂಥದ್ದೊಂದು ದಾಖಲೆ, ವಿಳಾಸಕ್ಕೆ ಆಧಾರ್. ಆರೋಗ್ಯದ ಬಗ್ಗೆ ನೀವೇ ಸಹಿ ಮಾಡುವ ನಮೂನೆ 1. ನಲವತ್ತು ದಾಟಿದವರು ಇದರ ಬದಲು ವೈದ್ಯರಿಂದ ನಮೂನೆ 1ಎ ತರಬೇಕು. ಅರ್ಜಿಯಲ್ಲಿ ರಕ್ತದ ಗುಂಪು ಕೇಳುತ್ತಾರೆ. ಅಂಗದಾನಕ್ಕೆ ಒಪ್ಪಿಗೆಯೇ ಎಂಬ ಪ್ರಶ್ನೆಯೂ ಇರುತ್ತದೆ. ಗಡಿಬಿಡಿಯಲ್ಲಿ ಸುಮ್ನೆ ಟಿಕ್ ಹಾಕಿ ಮುಂದೆ ಹೋಗಬೇಡಿ, ಮನೆಯವರ ಜೊತೆ ಮಾತಾಡಿ ಉತ್ತರಿಸಿ.

ಇಲ್ಲಿಂದ ಥಿಯರಿ ಪರೀಕ್ಷೆಗೆ ಎರಡು ದಾರಿ. ಆಧಾರ್ ಮೂಲಕ ಗುರುತು ಖಚಿತಪಡಿಸಿದವರು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬರೆಯಬಹುದು. ಕ್ಯಾಮೆರಾ ನಿಮ್ಮ ಮುಖ ನೋಡುತ್ತಿರುತ್ತದೆ. ಪಕ್ಕದಲ್ಲಿ ಅಣ್ಣ ಕೂತು ಉತ್ತರ ಹೇಳಿಕೊಡುವ ಹಾಗಿಲ್ಲ. ಇನ್ನೊಂದು ದಾರಿ, ಆರ್‌ಟಿಒ ಕಚೇರಿಗೇ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಬರೆಯುವುದು. ಕನ್ನಡದಲ್ಲೇ ಬರೆಯಬಹುದು. ಒಂದು ಪ್ರಶ್ನೆ, ಅದರ ಕೆಳಗೆ ಕೆಲವು ಉತ್ತರ, ಸರಿಯಾದದ್ದನ್ನು ಒತ್ತಬೇಕು. ಪ್ರತಿ ಪ್ರಶ್ನೆಗೂ ಸಮಯದ ಮಿತಿ ಇದೆ. ಪಾಸಾಗಲು ನೂರಕ್ಕೆ 60ರಷ್ಟು ಸರಿ ಉತ್ತರ ಬೇಕು ಎನ್ನುತ್ತದೆ ಕೇಂದ್ರದ ನಿಯಮ.

ಪ್ರಶ್ನೆಗಳ ಹಿಂದಿರುವ ಲೆಕ್ಕ

ಏನು ಕೇಳಬೇಕು ಎನ್ನುವುದೂ ನಿಯಮದಲ್ಲೇ ಇದೆ. ಸಂಚಾರ ಚಿಹ್ನೆ, ಸಿಗ್ನಲ್, ರಸ್ತೆ ನಿಯಮ. ಅಪಘಾತವಾದಾಗ ಚಾಲಕ ಏನು ಮಾಡಬೇಕು. ಕಾವಲುಗಾರರಿಲ್ಲದ ರೈಲ್ವೆ ಗೇಟು ದಾಟುವಾಗ ಏನು ಎಚ್ಚರ. ಜೊತೆಯಲ್ಲಿ ಯಾವ ದಾಖಲೆ ಇರಬೇಕು. ಪ್ರಶ್ನೆ ಎಷ್ಟೇ ತಿರುಚಿದರೂ ಈ ನಾಲ್ಕರ ಸುತ್ತಲೇ ತಿರುಗುತ್ತದೆ.

ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಲು ಹೊರಟರೆ ತಲೆ ಕೆಡುತ್ತದೆ. ಆಕಾರ ಹಿಡಿದರೆ ಅರ್ಧ ಉತ್ತರ ಸಿಕ್ಕಿತು. ದುಂಡಗಿದ್ದರೆ ಆಜ್ಞೆ, ಪಾಲಿಸದಿದ್ದರೆ ದಂಡ. ಅದರಲ್ಲೂ ಕೆಂಪು ಅಂಚಿನ ದುಂಡು ಸಾಮಾನ್ಯವಾಗಿ ‘ಬೇಡ’ ಅಥವಾ ‘ಇಷ್ಟೇ’ ಎನ್ನುತ್ತದೆ, ನೀಲಿ ದುಂಡು ‘ಹೀಗೇ ಮಾಡು’ ಎನ್ನುತ್ತದೆ. ತ್ರಿಕೋನವಾದರೆ ಎಚ್ಚರಿಕೆ: ಮುಂದೆ ತಿರುವಿದೆ, ಶಾಲೆ ಇದೆ, ಹಂಪ್ ಇದೆ. ಚೌಕ ಅಥವಾ ಆಯತವಾದರೆ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಪಾರ್ಕಿಂಗ್. ಎರಡಕ್ಕೆ ಮಾತ್ರ ಬೇರೆ ಆಕಾರ. ‘ನಿಲ್ಲಿ’ ಎನ್ನುವುದು ಎಂಟು ಮೂಲೆಯದು, ‘ದಾರಿ ಬಿಡಿ’ ಎನ್ನುವುದು ತಲೆಕೆಳಗಾದ ತ್ರಿಕೋನ. ಬೋರ್ಡಿನ ಮೇಲೆ ಧೂಳು ಕೂತು ಚಿತ್ರ ಅಳಿಸಿಹೋಗಿದ್ದರೂ ಈ ಎರಡನ್ನು ಆಕಾರದಿಂದಲೇ ಗುರುತಿಸಬಹುದು. ತಪ್ಪಿದರೆ ಡಿಕ್ಕಿಯಾಗುವ ಜಾಗದಲ್ಲಿ ನಿಲ್ಲುವ ಬೋರ್ಡುಗಳು ಇವು.

ದಾರಿ ಬಿಡುವ ಪ್ರಶ್ನೆಗಳಲ್ಲಿ ಜನ ಎಡವುವುದು ಜಾಸ್ತಿ. ಸಿಗ್ನಲ್ಲೂ ಪೊಲೀಸೂ ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು. ವೃತ್ತಕ್ಕೆ ಬಂದರೆ ಆಗಲೇ ಒಳಗೆ ಸುತ್ತುತ್ತಿರುವವರಿಗೆ ಮೊದಲ ಹಕ್ಕು. ಜೀಬ್ರಾ ಪಟ್ಟೆಯ ಮೇಲೆ ನಡೆಯುವವರಿಗೆ ಹಕ್ಕು. ಬಿಳಿ ಕೋಲು ಹಿಡಿದವರು ರಸ್ತೆ ದಾಟುತ್ತಿದ್ದರೆ ಆ ಕೋಲನ್ನೇ ‘ನಿಲ್ಲಿ’ ಎಂಬ ಚಿಹ್ನೆ ಎಂದು ತಿಳಿದು ಗಾಡಿ ನಿಲ್ಲಿಸಬೇಕು. ಉತ್ತರಗಳಲ್ಲಿ ‘ಹಾರ್ನ್ ಹೊಡೆದು ಮುಂದೆ ಹೋಗಬೇಕು’ ಎಂಬುದೂ ಇರುತ್ತದೆ. ನಮ್ಮ ರಸ್ತೆಗಳಲ್ಲಿ ದಿನಾ ಕಾಣುವುದು ಅದೇ ಆದ್ದರಿಂದ ಕೈ ಅದರ ಮೇಲೇ ಹೋಗುತ್ತದೆ.

ಘಟ್ಟದ ಪ್ರಶ್ನೆ ನೋಡಿ. ಕಿರಿದಾದ ಏರು ರಸ್ತೆಯಲ್ಲಿ ಎರಡು ಗಾಡಿ ಎದುರಾದರೆ ಯಾರು ನಿಲ್ಲಬೇಕು? ಇಳಿಯುತ್ತಿರುವವರು ನಿಂತು ಏರುತ್ತಿರುವವರಿಗೆ ದಾರಿ ಬಿಡಬೇಕು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ತುಂಬಿದ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರುವ ಭಯವೂ ಇದೆ. ಇಳಿಯುವವರಿಗೆ ಆ ತಾಪತ್ರಯ ಇಲ್ಲ. ಹಾಗೇ, ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಬಹುದಾ ಎಂದು ಕೇಳಿದರೆ ಉತ್ತರ ಬೇಡ ಎಂದೇ. ಗೇರಿನಲ್ಲಿದ್ದಾಗ ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ. ನ್ಯೂಟ್ರಲ್ ಮಾಡಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾಯುತ್ತಾ ಹೋಗಿ ಕೊನೆಗೆ ಹಿಡಿಯದೇ ಹೋಗಬಹುದು.

ಅಪಘಾತದ ಪ್ರಶ್ನೆಗೆ ಉತ್ತರದ ಸಾಲು ಇದು: ಗಾಯಗೊಂಡವರಿಗೆ ಮೊದಲು ಚಿಕಿತ್ಸೆ ಸಿಗುವಂತೆ ಮಾಡಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ದಾಖಲೆಗಳೆಂದರೆ ಡಿಎಲ್, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಸರ್ಟಿಫಿಕೇಟ್. ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಜೊತೆಗಿರುವವರು ಅಥವಾ ಚಾಲಕನೇ ಇಳಿದು ನಡೆದುಹೋಗಿ, ಎರಡೂ ಕಡೆ ರೈಲು ಇಲ್ಲ ಎಂದು ನೋಡಿ ಬರಬೇಕು. ಬ್ರಾಡ್‌ಗೇಜ್ ಮಾರ್ಗದಲ್ಲಿ ಇಂಥ ಗೇಟುಗಳನ್ನು 2019ರ ಜನವರಿಯ ಹೊತ್ತಿಗೇ ತೆಗೆದುಹಾಕಿದ್ದಾರೆ. ಪರೀಕ್ಷೆಯಲ್ಲಿ ಮಾತ್ರ ಪ್ರಶ್ನೆ ಉಳಿದುಕೊಂಡಿದೆ. ಓದಿಕೊಳ್ಳಿ, ಬರುತ್ತದೆ.

ನಡುವಿನ ಮೂವತ್ತು ದಿನ

ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಕೈಗೆ ಬಂದು ಕನಿಷ್ಠ 30 ದಿನ ಆಗದೆ ಡಿಎಲ್ ಟೆಸ್ಟಿಗೆ ಹಾಜರಾಗುವ ಹಾಗಿಲ್ಲ. ಜನ ಇದನ್ನು ಕಾಯುವ ದಿನ ಎಂದುಕೊಳ್ಳುತ್ತಾರೆ. ಕಾನೂನು ಇಟ್ಟಿರುವುದು ಕಲಿಯಲಿಕ್ಕೆ.

ಕಲಿಯುವಾಗಲೂ ಷರತ್ತುಗಳಿವೆ. ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು. ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಡಿಎಲ್ ಇರುವವರು, ಗಾಡಿಯನ್ನು ತಕ್ಷಣ ನಿಲ್ಲಿಸಬಲ್ಲ ಹಾಗೆ ಕೂತಿರಬೇಕು. ಬೈಕಿನಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಎಲ್‌ಎಲ್‌ಆರ್ ಸಿಕ್ಕ ಖುಷಿಗೆ ಗೆಳೆಯನನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೊರಟರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಸಮ.

ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ ಮೊದಲು 500 ರೂಪಾಯಿ ಇದ್ದ ದಂಡವನ್ನು 2019ರ ತಿದ್ದುಪಡಿ 5,000ಕ್ಕೆ ಏರಿಸಿತು. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಅಪಘಾತವಾದಾಗ ಓಡಿಸುತ್ತಿದ್ದವರ ಹತ್ತಿರ ಸರಿಯಾದ ಲೈಸೆನ್ಸ್ ಇಲ್ಲದಿದ್ದರೆ ಎದುರಿನವರಿಗೆ ಕೊಟ್ಟ ಪರಿಹಾರವನ್ನು ಕಂಪನಿ ಗಾಡಿಯ ಮಾಲೀಕರಿಂದ ವಸೂಲು ಮಾಡಬಹುದು. ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ.

ಎಂಟು ಹಾಕುವುದು

ಗಾಡಿಯ ಟೆಸ್ಟಿಗೆ ನಿಮ್ಮದೇ ಗಾಡಿ ಅಥವಾ ಡ್ರೈವಿಂಗ್ ಸ್ಕೂಲಿನ ಗಾಡಿ ಒಯ್ಯಬೇಕು. ಅದರ ಆರ್‌ಸಿ, ವಿಮೆ, ಹೊಗೆ ಸರ್ಟಿಫಿಕೇಟ್ ಎಲ್ಲ ಚಾಲ್ತಿಯಲ್ಲಿರಬೇಕು. ಬೈಕಾದರೆ ಹೆಲ್ಮೆಟ್ ಕಡ್ಡಾಯ. ಟೆಸ್ಟ್ ಮಾಡುವವರು ಮೋಟಾರು ವಾಹನ ನಿರೀಕ್ಷಕರು, ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ಬೆಂಗಳೂರಿನ ಜ್ಞಾನಭಾರತಿಯಂಥ ಕಡೆ ಸ್ವಯಂಚಾಲಿತ ಟ್ರ್ಯಾಕ್ ಇದೆ. ಅಲ್ಲಿ ಸೆನ್ಸರು, ಕ್ಯಾಮೆರಾಗಳೇ ತಪ್ಪು ಹಿಡಿಯುತ್ತವೆ. ಬೇರೆ ಊರುಗಳಲ್ಲಿ ನಿರೀಕ್ಷಕರು ನಿಂತು ನೋಡುತ್ತಾರೆ, ಕಾರಾದರೆ ಪಕ್ಕದಲ್ಲಿ ಕೂತು ರಸ್ತೆಯಲ್ಲಿ ಓಡಿಸಲು ಹೇಳುತ್ತಾರೆ.

ಬೈಕ್ ಟೆಸ್ಟ್ ಎಂದರೆ ಎಲ್ಲರಿಗೂ ನೆನಪಾಗುವುದು ಎಂಟು. ನೆಲದ ಮೇಲಿನ ಎಂಟರ ಆಕಾರದ ಹಾದಿಯಲ್ಲಿ ಕಾಲು ಊರದೆ, ಗೆರೆ ದಾಟದೆ, ಎಂಜಿನ್ ಆಫ್ ಆಗದೆ ಸುತ್ತಿ ಬರಬೇಕು. ನೇರ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವ ಹುಡುಗರೂ ಇಲ್ಲಿ ಕಾಲು ಊರುತ್ತಾರೆ. ಯಾಕೆ? ವೇಗ ಇದ್ದಾಗ ಬೈಕು ತಾನಾಗೇ ನೆಟ್ಟಗೆ ನಿಲ್ಲುತ್ತದೆ. ನಡೆಯುವ ವೇಗಕ್ಕೆ ಇಳಿದರೆ ಆ ಸಹಾಯ ಇಲ್ಲ, ಹ್ಯಾಂಡಲ್ಲೂ ಮೈಯ ಭಾರವೂ ಸೇರಿ ಬೀಳದಂತೆ ಹಿಡಿಯಬೇಕು. ಎಂಟರಲ್ಲಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಪೂರ್ತಿ ತಿರುಗಬೇಕಾಗುತ್ತದೆ. ಕೆ.ಆರ್. ಮಾರ್ಕೆಟ್ಟಿನ ಸಂಜೆ ಟ್ರಾಫಿಕ್ಕಿನಲ್ಲಿ ಬೇಕಾಗುವುದು ಇದೇ ಕೌಶಲ.

ಗುಟ್ಟಿರುವುದು ಎಡಗೈಯಲ್ಲಿ. ಕ್ಲಚ್ ಸ್ವಿಚ್ಚಿನ ಹಾಗೆ ಬರೀ ಆನ್, ಆಫ್ ಅಲ್ಲ. ಅದು ನಲ್ಲಿ ಇದ್ದ ಹಾಗೆ, ಎಷ್ಟು ಬೇಕೋ ಅಷ್ಟೇ ತಿರುಗಿಸಿ ನೀರು ಬಿಟ್ಟಂತೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಬಿಡಬಹುದು. ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಒಂದೇ ಸಮ ಇಟ್ಟುಕೊಂಡು ಕ್ಲಚ್ಚನ್ನು ಅರ್ಧದಲ್ಲಿ ಹಿಡಿದು ಆಡಿಸಿ. ಜೋರಾಯಿತು ಅನ್ನಿಸಿದರೆ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಮುಂದಿನ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿರುವಾಗ ಅದನ್ನು ಹಿಡಿದರೆ ಗಾಡಿ ಆ ಕಡೆಗೇ ವಾಲಿ ಮಲಗುತ್ತದೆ. ಸ್ಕೂಟರಿನಲ್ಲಿ ಕ್ಲಚ್ ಇಲ್ಲ. ಅಲ್ಲಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟುಕೊಂಡೇ ಎಡಗೈಯ ಹಿಂದಿನ ಬ್ರೇಕಿನಿಂದ ವೇಗ ಹತೋಟಿಯಲ್ಲಿಡಬೇಕು.

ಕಣ್ಣು ಎಲ್ಲಿ ನೋಡುತ್ತದೋ ಗಾಡಿ ಅಲ್ಲಿಗೆ ಹೋಗುತ್ತದೆ. ಮುಂದಿನ ಚಕ್ರ ನೋಡಿದರೆ ಗೆರೆ ದಾಟಿದ್ದು ದಾಟಿದ ಮೇಲೇ ಗೊತ್ತಾಗುತ್ತದೆ. ತಿರುವಿನ ಆ ಕೊನೆ ನೋಡಬೇಕು, ಕತ್ತು ತಿರುಗಿಸಿಯೇ ನೋಡಬೇಕು. ಖಾಲಿ ಮೈದಾನದಲ್ಲಿ ಎರಡು ಇಟ್ಟಿಗೆ ಇಟ್ಟು ಅವುಗಳ ಸುತ್ತ ಅಭ್ಯಾಸ ಮಾಡಿದರೆ ಸಾಕು, ಟ್ರ್ಯಾಕೇ ಬೇಕಿಲ್ಲ. ಮೊದಲು ಇಟ್ಟಿಗೆ ದೂರ ಇರಲಿ, ಕೈ ಹದಕ್ಕೆ ಬಂದ ಹಾಗೆ ಹತ್ತಿರ ತನ್ನಿ.

ಕೈಸನ್ನೆಗಳನ್ನೂ ಕಲಿತುಕೊಳ್ಳಿ. ಇಂಡಿಕೇಟರ್ ಇರುವಾಗ ಅದೆಲ್ಲ ಯಾಕೆ ಎನ್ನಿಸಬಹುದು. ಬಲ್ಬ್ ಸುಟ್ಟ ದಿನ, ಹಿಂದಿನ ಲಾರಿಯವನಿಗೆ ನೀವು ಬಲಕ್ಕೆ ತಿರುಗುತ್ತೀರಿ ಎಂದು ತಿಳಿಯುವುದು ನಿಮ್ಮ ಚಾಚಿದ ಬಲಗೈಯಿಂದಲೇ.

ಕಾರಿನ ಟೆಸ್ಟ್: ಏರು ಮತ್ತು ರಿವರ್ಸ್

ಕಾರಿನಲ್ಲಿ ನಿರೀಕ್ಷಕರ ಕಣ್ಣು ಗಾಡಿ ಹೊರಡುವ ಮೊದಲೇ ನಿಮ್ಮ ಮೇಲಿರುತ್ತದೆ. ಸೀಟು ಸರಿ ಮಾಡಿಕೊಂಡಿರಾ, ಕನ್ನಡಿ ತಿರುಗಿಸಿಕೊಂಡಿರಾ, ಬೆಲ್ಟ್ ಹಾಕಿದಿರಾ, ಗೇರ್ ನ್ಯೂಟ್ರಲ್‌ನಲ್ಲಿದೆಯಾ. ದಿನಾ ಅಪ್ಪನ ಕಾರನ್ನು ಅಪ್ಪನ ಸೀಟಿನ ಅಳತೆಯಲ್ಲೇ ಓಡಿಸಿದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಉರುಳದೆ ಮತ್ತೆ ಹೊರಡುವುದು ನಿಯಮದಲ್ಲೇ ಹೆಸರಿಸಿದ ಪರೀಕ್ಷೆ. ಥಿಯರಿಯಲ್ಲಿ ಘಟ್ಟದ ಪ್ರಶ್ನೆ ಬಂತಲ್ಲ, ಇದು ಅದರ ಇನ್ನೊಂದು ಮುಖ. ಹ್ಯಾಂಡ್‌ಬ್ರೇಕ್ ಬಳಸುವುದು ಸುಲಭದ ದಾರಿ. ಕಾಲಿನ ಬ್ರೇಕ್ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಒಂದನೇ ಗೇರ್ ಹಾಕಿ. ಬಲಗಾಲನ್ನು ಆಕ್ಸಿಲರೇಟರಿಗೆ ತಂದು ಸ್ವಲ್ಪ ಒತ್ತಿ. ಎಡಗಾಲಿನಿಂದ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ಸ್ವಲ್ಪ ತಗ್ಗುತ್ತದೆ, ಬಾನೆಟ್ ಒಂದಿಷ್ಟು ಮೇಲೆದ್ದ ಹಾಗೆ ಕಾಣುತ್ತದೆ. ಕ್ಲಚ್ ಕಚ್ಚಿದೆ ಎಂದು ಅರ್ಥ. ಅಲ್ಲೇ ಕಾಲು ಹಿಡಿದು ಹ್ಯಾಂಡ್‌ಬ್ರೇಕ್ ಇಳಿಸಿದರೆ ಗಾಡಿ ಮುಂದಕ್ಕೇ ಹೋಗುತ್ತದೆ. ಹೆದರಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಆಫ್. ಇನ್ನೂ ಕಚ್ಚುವ ಮೊದಲೇ ಹ್ಯಾಂಡ್‌ಬ್ರೇಕ್ ಇಳಿಸಿದರೆ ಹಿಂದಕ್ಕೆ.

ರಿವರ್ಸ್ ಪರೀಕ್ಷೆ ಕೆಲವು ಕಡೆ ‘ಎಚ್’ ಅಕ್ಷರದ ಟ್ರ್ಯಾಕಿನಲ್ಲಿ ನಡೆಯುತ್ತದೆ. ಒಂದು ಕಡೆಯ ಓಣಿಯಿಂದ ನಡುವಿನ ಅಡ್ಡ ಹಾದಿ ಹಿಡಿದು ಮತ್ತೊಂದು ಓಣಿಗೆ ಹಿಂದೆ ಮುಂದೆ ಮಾಡುತ್ತಾ ಸೇರಬೇಕು. ಇಲ್ಲಿ ಒಂದೇ ಸಂಗತಿ ತಲೆಯಲ್ಲಿಟ್ಟುಕೊಳ್ಳಿ. ಹಿಂದೆ ಹೋಗುವಾಗ ಸ್ಟೀರಿಂಗ್ ಯಾವ ಕಡೆ ತಿರುಗಿಸುತ್ತೀರೋ ಗಾಡಿಯ ಹಿಂಭಾಗ ಅದೇ ಕಡೆ ಹೋಗುತ್ತದೆ, ಮೂತಿ ಅದರ ವಿರುದ್ಧ ದಿಕ್ಕಿಗೆ ಬೀಸುತ್ತದೆ. ಎಲ್ಲರೂ ಹಿಂದಿನ ಕಂಬ ನೋಡುತ್ತಿರುತ್ತಾರೆ, ಮುಂದಿನ ಬಂಪರ್ ಪಕ್ಕದ ಕಂಬಕ್ಕೆ ತಾಗುತ್ತದೆ. ಎರಡೂ ಬದಿಯ ಕನ್ನಡಿ, ಮುಂದಿನ ಮೂಲೆ, ಮತ್ತೆ ಹಿಂದೆ, ಹೀಗೆ ಕಣ್ಣು ಸುತ್ತುತ್ತಿರಲಿ. ವೇಗಕ್ಕೆ ಅಂಕ ಇಲ್ಲ. ಆಮೆ ಥರ ಹೋದರೂ ಯಾರೂ ಬೈಯುವುದಿಲ್ಲ.

ಫೇಲಾದರೆ

ಏಳು ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು. ಮೂರು ಸಲವೂ ಆಗದಿದ್ದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು. ಜೊತೆಗೆ ಡ್ರೈವಿಂಗ್ ಸ್ಕೂಲಿನಲ್ಲಿ ಮರುತರಬೇತಿ ಪಡೆಯಬೇಕು ಎಂದು 2019ರ ತಿದ್ದುಪಡಿ ಸೇರಿಸಿದೆ. ಎಲ್‌ಎಲ್‌ಆರ್‌ನ ಆರು ತಿಂಗಳು ಓಡುತ್ತಲೇ ಇರುತ್ತದೆ ಎನ್ನುವುದು ನೆನಪಿರಲಿ. ಮೊದಲ ಟೆಸ್ಟನ್ನೇ ಆರನೇ ತಿಂಗಳ ಕೊನೆಗೆ ಇಟ್ಟುಕೊಂಡರೆ ಒಂದು ಸಲ ಎಡವಿದರೂ ಮತ್ತೆ ಥಿಯರಿಯಿಂದ ಶುರು ಮಾಡಬೇಕಾಗಬಹುದು.

ದುಡ್ಡಿನ ಲೆಕ್ಕ

ಕೇಂದ್ರದ ನಿಯಮದ ಪಟ್ಟಿಯಲ್ಲಿ ಎಲ್‌ಎಲ್‌ಆರ್‌ಗೆ ಒಂದೊಂದು ಬಗೆಯ ಗಾಡಿಗೆ 150 ರೂಪಾಯಿ, ಥಿಯರಿ ಪರೀಕ್ಷೆಗೆ 50, ಗಾಡಿಯ ಟೆಸ್ಟಿಗೆ ಒಂದೊಂದು ಬಗೆಗೆ 300, ಡಿಎಲ್ ಕಾರ್ಡಿಗೆ 200. ಬರೀ ಬೈಕ್ ಸಾಕು ಎನ್ನುವವರಿಗೆ 700 ಆಯಿತು. ಇದರ ಮೇಲೆ ಸೇವಾ ಶುಲ್ಕ ಸ್ವಲ್ಪ ಸೇರಬಹುದು. ಕಟ್ಟುವುದೆಲ್ಲ ಆನ್‌ಲೈನಿನಲ್ಲೇ, ರಸೀದಿ ಸಿಗುತ್ತದೆ.

ಇದರ ಹಲವು ಪಟ್ಟು ಹಣ ಬ್ರೋಕರಿಗೆ ಯಾಕೆ ಹೋಗುತ್ತದೆ ಎಂದರೆ, ಜನ ಫಾರಂಗೆ ಹೆದರುತ್ತಾರೆ, ಎಂಟಕ್ಕೆ ಇನ್ನೂ ಜಾಸ್ತಿ ಹೆದರುತ್ತಾರೆ. ಫಾರಂ ತುಂಬುವುದು ಬರುವುದಿಲ್ಲ ಎಂದಾದರೆ ಸೈಬರ್ ಸೆಂಟರಿನಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಕೇಳಿ ನೋಡಬಹುದು. ಎಂಟಕ್ಕೆ ಮದ್ದು ಇಟ್ಟಿಗೆ ಮತ್ತು ಮೈದಾನ.

ಕಾರ್ಡ್ ಬಂದ ಮೇಲೆ

ಕಾರ್ಡ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಅರ್ಜಿಯಲ್ಲಿ ಮನೆ ನಂಬರು, ಪಿನ್ ಕೋಡು ಸರಿಯಾಗಿ ಬರೆದಿರಬೇಕು, ಅಷ್ಟೇ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದ ಡಿಎಲ್ ಕೂಡ ಕಾನೂನುಬದ್ಧ. ಆದರೆ ಕಾರ್ಡಿನ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡದ್ದು ಅದಲ್ಲ.

ಲೈಸೆನ್ಸ್ ಎಷ್ಟು ವರ್ಷ ಎನ್ನುವುದು ನಿಮ್ಮ ವಯಸ್ಸಿನ ಮೇಲೆ ನಿಂತಿದೆ. ಮೂವತ್ತರೊಳಗೆ ತೆಗೆದರೆ ನಲವತ್ತು ತುಂಬುವವರೆಗೆ. ಮೂವತ್ತರಿಂದ ಐವತ್ತರ ನಡುವೆ ತೆಗೆದರೆ ಹತ್ತು ವರ್ಷ. ಐವತ್ತರಿಂದ ಐವತ್ತೈದರ ನಡುವೆ ತೆಗೆದರೆ ಅರವತ್ತು ತುಂಬುವವರೆಗೆ. ಅದಾದ ಮೇಲೆ ಐದೈದು ವರ್ಷ. ಹಳೇ ಕಾಲದಲ್ಲಿ ತೆಗೆದವರು ‘ಇಪ್ಪತ್ತು ವರ್ಷ ಯೋಚನೆ ಇಲ್ಲ’ ಎಂದುಕೊಂಡಿರುತ್ತಾರೆ. ಒಮ್ಮೆ ಕಾರ್ಡ್ ತೆಗೆದು ತಾರೀಖು ನೋಡಿಬಿಡಿ. ಅವಧಿ ಮುಗಿದ ಮೇಲೆ ಮೊದಲು 30 ದಿನ ಮಾನ್ಯವಾಗಿರುತ್ತಿತ್ತು, ಆ ರಿಯಾಯಿತಿ ಈಗ ಇಲ್ಲ. ನವೀಕರಣಕ್ಕೆ ಅವಧಿ ಮುಗಿಯುವ ಒಂದು ವರ್ಷ ಮುಂಚೆಯಿಂದ, ಮುಗಿದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅದೂ ದಾಟಿದರೆ ಮತ್ತೆ ಗಾಡಿ ಓಡಿಸಿ ತೋರಿಸಬೇಕು.

ಹೊರದೇಶಕ್ಕೆ ಹೋಗುವವರಿಗೆ

ಓದಲು, ಕೆಲಸಕ್ಕೆ ಹೊರಗೆ ಹೋಗುವವರು ಡಿಎಲ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತೆಗೆದುಕೊಂಡು ಹೋಗುವುದುಂಟು. ಅದನ್ನು ಕೊಡುವುದೂ ಆರ್‌ಟಿಒನೇ. ನಮೂನೆ 4ಎ, 1,000 ರೂಪಾಯಿ, ಒಂದು ವರ್ಷಕ್ಕೆ. ಅದು ನಿಮ್ಮ ಡಿಎಲ್‌ನ ಜೊತೆಗೆ ನಡೆಯುವ ಪತ್ರ, ಒಂಟಿಯಾಗಿ ಅದಕ್ಕೆ ಬೆಲೆ ಇಲ್ಲ.

ಅಲ್ಲೇ ನೆಲೆಸಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು, ಜರ್ಮನಿಯಲ್ಲಿ 6 ತಿಂಗಳು. ಆಮೇಲೆ ಅಲ್ಲಿನ ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಹೊಸದಾಗಿ ಪಾಸಾಗಬೇಕು. ಬ್ರಿಟನ್ನಿನ ಕಾರಿನ ಥಿಯರಿಯಲ್ಲಿ 50 ಪ್ರಶ್ನೆಗೆ 43 ಸರಿ ಇರಬೇಕು. ಅದರ ಜೊತೆಗೆ ನಮ್ಮಲ್ಲಿಲ್ಲದ ಒಂದು ಭಾಗ ಇದೆ. ರಸ್ತೆಯ 14 ವಿಡಿಯೊ ತೋರಿಸುತ್ತಾರೆ. ಅಪಾಯ ಎದುರಾಗುವ ಸುಳಿವು, ಅಂದರೆ ಪಾರ್ಕ್ ಮಾಡಿದ ಗಾಡಿಯ ಹಿಂದಿನಿಂದ ಮಗು ಹೊರಬರುವಂಥದ್ದು, ಕಂಡ ಕೂಡಲೇ ಮೌಸ್ ಒತ್ತಬೇಕು. ಬೇಗ ಒತ್ತಿದಷ್ಟೂ ಅಂಕ ಜಾಸ್ತಿ. ಸುಮ್ನೆ ಒಂದೇ ಸಮ ಒತ್ತುತ್ತಾ ಹೋದರೆ ಆ ವಿಡಿಯೊಗೆ ಸೊನ್ನೆ. ಒಟ್ಟು 75 ಅಂಕದಲ್ಲಿ 44 ಬೇಕು. ಪ್ರಾಕ್ಟಿಕಲ್ ಸುಮಾರು 40 ನಿಮಿಷ, ನಿಜವಾದ ರಸ್ತೆಯಲ್ಲೇ. ಸಣ್ಣ ತಪ್ಪು 15ರವರೆಗೆ ನಡೆಯುತ್ತದೆ, ಗಂಭೀರ ತಪ್ಪು ಒಂದಾದರೂ ಫೇಲು. ಆಟೊಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಅಲ್ಲಿ ಆಟೊಮ್ಯಾಟಿಕ್‌ಗೆ ಮಾತ್ರ ಲೈಸೆನ್ಸ್. ಗೇರ್ ಕಾರು ಓಡಿಸುವುದಾದರೆ ಗೇರ್ ಕಾರಿನಲ್ಲೇ ಟೆಸ್ಟ್ ಬುಕ್ ಮಾಡಬೇಕು.